ಹಳೆಯ ಫಿಲ್ಮ್ ಕ್ಯಾಮೆರಾ ರಿಪೇರಿ: ಬಿಚ್ಚುವ ಮುನ್ನ ಮತ್ತು ಬಿಚ್ಚಿದ ಮೇಲೆ

ಮೇಜಿಗೆ ಬರುವ ಹಳೆಯ ಕ್ಯಾಮೆರಾಗಳಲ್ಲಿ ತಾನಾಗಿ ಕೆಟ್ಟ ಭಾಗಕ್ಕಿಂತ ಬಿಚ್ಚಿದವರ ಕೈಯಲ್ಲಿ ಕೆಟ್ಟ ಭಾಗವೇ ಹೆಚ್ಚು. ತಲೆ ಸವೆದ ಸ್ಕ್ರೂ, ಎಲ್ಲೆಂದರಲ್ಲಿ ಸುರಿದ ಎಣ್ಣೆ, ಉಜ್ಜಿ ಗೀರು ಬಿದ್ದ ಕನ್ನಡಿ, ತಿರುಗುಮುರುಗಾಗಿ ಕೂರಿಸಿದ ಗಾಜು. ಅದಕ್ಕೇ ಈ ಕೆಲಸ ಕಲಿಯುವವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪರೀಕ್ಷೆ ಮಾಡುವುದನ್ನು ಕಲಿಯಬೇಕು. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 1970–80ರ ದಶಕದ 35 ಮಿ.ಮೀ. ಎಸ್‌ಎಲ್‌ಆರ್‌ಗಳಿಗೆ (ಒಳಗಿನ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡುವ ಕ್ಯಾಮೆರಾಗಳಿಗೆ) ಅನ್ವಯಿಸುತ್ತದೆ: ಪೆಂಟ್ಯಾಕ್ಸ್ ಕೆ1000, ಕ್ಯಾನನ್ ಎಇ-1, ನಿಕಾನ್ ಎಫ್‌ಎಂ2, ಯಾಶಿಕಾ ಎಫ್‌ಎಕ್ಸ್-3, ಜೊತೆಗೆ ಅವುಗಳ 50 ಮಿ.ಮೀ. ಮ್ಯಾನುಯಲ್ ಲೆನ್ಸ್‌ಗಳು. ಅಟ್ಟದಿಂದ ಇಳಿದು ಬಂದು ಮತ್ತೆ ಫಿಲ್ಮ್ ತುಂಬಿಸಿಕೊಳ್ಳುತ್ತಿರುವುದು ಹೆಚ್ಚಾಗಿ ಇವೇ.

ಬಿಚ್ಚದೆ ಮಾಡುವ ಪರೀಕ್ಷೆ

ಕ್ಯಾಮೆರಾ ಕೈಗೆ ಬಂದ ಕೂಡಲೇ ಹಿಂಬಾಗಿಲು ತೆರೆಯಬೇಡಿ. ಫಿಲ್ಮನ್ನು ವಾಪಸ್ ಸುತ್ತುವ ರಿವೈಂಡ್ ಕೈಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ಎಳೆತ ಸಿಕ್ಕಿದರೆ ಒಳಗೆ ಫಿಲ್ಮ್ ಇದೆ, ಅದರಲ್ಲಿ ಯಾರದೋ ಮನೆಯ ಚಿತ್ರಗಳಿರಬಹುದು. ಕೆಳಗಿನ ಗುಂಡಿ ಒತ್ತಿ ಪೂರ್ತಿ ಸುತ್ತಿ ತೆಗೆದು, ಲಕೋಟೆಗೆ ಹಾಕಿ ಮಾಲೀಕರ ಹೆಸರು ಬರೆದಿಡಿ. ಬಾಡಿಯ ಸೀರಿಯಲ್ ನಂಬರ್, ಲೆನ್ಸಿನ ನಂಬರ್, ಈಗಾಗಲೇ ಇರುವ ಗೀರು, ತಗ್ಗು ಎಲ್ಲವನ್ನೂ ಅವರ ಎದುರೇ ಬರೆದುಕೊಂಡು ಫೋಟೊ ತೆಗೆಯಿರಿ. ಮುಂದೆ ಬರಬಹುದಾದ ಜಗಳದಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ.

ಮುಂದಿನದು ಬ್ಯಾಟರಿ. ಎಇ-1 ಬ್ಯಾಟರಿ ಇಲ್ಲದೆ ಕ್ಲಿಕ್ಕೇ ಆಗುವುದಿಲ್ಲ, ಅದಕ್ಕೆ 6 ವೋಲ್ಟಿನ 4ಎಲ್‌ಆರ್44 ಬೇಕು. ‘ಸತ್ತಿದೆ’ ಎಂದು ಬರುವ ಎಇ-1ಗಳಲ್ಲಿ ಹೊಸ ಬ್ಯಾಟರಿ ಹಾಕಿದ ತಕ್ಷಣ ಏಳುವಂಥವೂ ಇರುತ್ತವೆ. ಕೆ1000 ಮತ್ತು ಎಫ್‌ಎಂ2ಗಳ ಷಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಕೆ1000ರಲ್ಲಿ ಮೀಟರ್ ಆರಿಸಲು ಸ್ವಿಚ್ಚೇ ಇಲ್ಲ. ಲೆನ್ಸ್ ಮುಚ್ಚಳ ಹಾಕಿ ಕತ್ತಲು ಮಾಡಿದರೆ ಮೀಟರ್ ಸುಮ್ಮನಾಗುತ್ತದೆ. ‘ಬ್ಯಾಟರಿ ಬೇಗ ಮುಗಿಯುತ್ತೆ’ ಎಂಬ ದೂರಿಗೆ ರಿಪೇರಿ ಬೇಡ, ಈ ಒಂದು ಮಾತು ಸಾಕು.

ಪಾದರಸದ ಬ್ಯಾಟರಿಯ ಕಾಲದ ಕ್ಯಾಮೆರಾಗಳು, ಉದಾಹರಣೆಗೆ ಯಾಶಿಕಾ ಮ್ಯಾಟ್-124ಜಿ, 1.35 ವೋಲ್ಟಿಗೆ ಹೊಂದಿಸಿದವು. ಈಗ ಸಿಗುವ 1.5 ವೋಲ್ಟಿನ ಅಲ್ಕಲೈನ್ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಕಿವಿಯ ಶ್ರವಣ ಸಾಧನಕ್ಕೆ ಬಳಸುವ 675 ನಂಬರಿನ ಝಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್ ಕೊಡುತ್ತದೆ. ಸುತ್ತಲೂ ಒಂದು ರಬ್ಬರ್ ಉಂಗುರ ಹಾಕಿದರೆ ಗೂಡಿನಲ್ಲಿ ಕೂರುತ್ತದೆ. ಸ್ಟಿಕರ್ ಕಿತ್ತ ಮೇಲೆ ಅದರ ಆಯುಷ್ಯ ಕೆಲವು ವಾರಗಳಷ್ಟೇ, ಅದನ್ನೂ ಗಿರಾಕಿಗೆ ಹೇಳಿ.

ಮೀಟರ್ ಸರಿ ಇದೆಯೇ ಎಂದು ನೋಡಲು ಸಾಧನ ಬೇಕಿಲ್ಲ. ಫಿಲ್ಮ್ ವೇಗ ಐಎಸ್‌ಒ 100, ಷಟರ್ 1/125 ಸೆಕೆಂಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16 ಇಟ್ಟು, ಮೋಡವಿಲ್ಲದ ನಡುಹಗಲಿನಲ್ಲಿ ಬಿಸಿಲು ಬಿದ್ದ ಹುಲ್ಲು ಅಥವಾ ಮಧ್ಯಮ ಬಣ್ಣದ ಗೋಡೆಯತ್ತ ಹಿಡಿಯಿರಿ. ಮುಳ್ಳು ನಡುವಿನ ಹತ್ತಿರ ನಿಂತರೆ ಮೀಟರ್ ನಂಬಬಹುದು.

ಷಟರಿನ ವೇಗ ನೋಡುವುದು ಹೀಗೆ. ಫಿಲ್ಮ್ ಇಲ್ಲವೆಂದು ಖಚಿತವಾದ ಮೇಲೆ ಲೆನ್ಸ್ ತೆಗೆದು, ಹಿಂಬಾಗಿಲು ತೆರೆದು, ಬೆಳಕಿರುವ ಕಿಟಕಿಯತ್ತ ಕ್ಯಾಮೆರಾ ನಿಲ್ಲಿಸಿ. ಹಿಂದಿನಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ, ಚಿತ್ರೀಕರಿಸಿ. ಬೆಳಕು ಕಾಣುವ ಫ್ರೇಮುಗಳನ್ನು ಎಣಿಸಿ: 1 ಸೆಕೆಂಡಿಗೆ 240, 1/4ಕ್ಕೆ 60, 1/15ಕ್ಕೆ 16, 1/30ಕ್ಕೆ 8 ಬರಬೇಕು. 1/60ಕ್ಕೆ ಬರುವುದು ನಾಲ್ಕೇ ಫ್ರೇಮು, ಒಂದು ಆಚೀಚೆಯಾದರೂ ಶೇಕಡ 25ರ ತಪ್ಪು. ಆದ್ದರಿಂದ ಅಲ್ಲಿಂದ ಮೇಲೆ ಈ ಎಣಿಕೆ ನಂಬಬೇಡಿ. ವೇಗದ ಷಟರಿಗೆ ಫೋಟೊ ಟ್ರಾನ್ಸಿಸ್ಟರ್ ಇರುವ ಷಟರ್ ಟೆಸ್ಟರ್ ಬೇಕು. ಸಂಬಳ ಈ ಕೆಲಸದಿಂದಲೇ ಬರಬೇಕು ಅನ್ನುವವರು ಮೊದಲು ಕೊಳ್ಳಬೇಕಾದ ಉಪಕರಣ ಅದೇ.

ಟೆಸ್ಟರ್ ಇಲ್ಲದಿದ್ದರೂ ಒಂದು ದೋಷ ಬರಿಗಣ್ಣಿಗೆ ಸಿಗುತ್ತದೆ. 1/1000ಕ್ಕೆ ಇಟ್ಟು, ಹಿಂದಿನಿಂದ ಬಿಳಿ ಗೋಡೆ ನೋಡುತ್ತಾ ಕ್ಲಿಕ್ ಮಾಡಿ. ಚೌಕಟ್ಟು ಅಂಚಿನಿಂದ ಅಂಚಿಗೆ ಬೆಳಗಬೇಕು. ಒಂದು ಬದಿ ಕಪ್ಪಾಗಿಯೇ ಉಳಿದರೆ ಷಟರಿನ ಎರಡು ಪರದೆಗಳಲ್ಲಿ ಮುಚ್ಚುವ ಎರಡನೇ ಪರದೆ ಓಡಿಬಂದು, ತೆರೆಯುವ ಮೊದಲನೆಯದನ್ನು ಹಿಡಿದುಬಿಟ್ಟಿದೆ ಎಂದರ್ಥ. ಬಟ್ಟೆ ಪರದೆಯ ಕ್ಯಾಮೆರಾಗಳಲ್ಲಿ ಇನ್ನೊಂದು ಪರೀಕ್ಷೆಯೂ ಆಗಲಿ. ಕತ್ತಲ ಕೋಣೆಯಲ್ಲಿ ಕನ್ನಡಿಯ ಚೌಕಟ್ಟಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದು, ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ತೂತು. ಫಿಲ್ಮ್ ಮುಂದೂಡುವ ಲಿವರ್ ಎಳೆದು ಒಮ್ಮೆ, ಕ್ಲಿಕ್ ಮಾಡಿ ಇನ್ನೊಮ್ಮೆ ನೋಡಬೇಕು. ಏಕೆಂದರೆ ಪರದೆಗಳು ಎರಡು.

ಮೇಜಿನ ಮೇಲೆ ಏನಿರಬೇಕು

ಜಪಾನಿನ ಕ್ಯಾಮೆರಾಗಳ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಪೇಟೆಯಲ್ಲಿ ಸಿಗುವ ಸಾಮಾನ್ಯ ಫಿಲಿಪ್ಸ್ ಮೊನೆ ನೋಡಲು ಒಂದೇ ಥರ ಇದ್ದರೂ ಸ್ಕ್ರೂ ತಲೆಯ ಕಚ್ಚಿನ ತಳಕ್ಕೆ ಪೂರ್ತಿ ಇಳಿಯುವುದಿಲ್ಲ. ಒತ್ತಿ ತಿರುಗಿಸಿದರೆ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆ ತಿನ್ನುತ್ತದೆ. ಜೆಐಎಸ್‌ನ 000, 00, 0 ಮತ್ತು 1 ಅಳತೆಯ ನಾಲ್ಕು ಡ್ರೈವರ್ ತೆಗೆದುಕೊಳ್ಳಿ, ಬೇರೆ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ. ಅವುಗಳ ಜೊತೆಗೆ ಎರಡು ಮೊನೆಯ ಲೆನ್ಸ್ ಸ್ಪ್ಯಾನರ್, ಲೆನ್ಸಿನ ಮುಂದಿನ ಹೆಸರಿನ ಉಂಗುರ ತಿರುಗಿಸಲು ರಬ್ಬರ್ ಬಿರಡೆಗಳು, ಮೊನೆಚೂಪಾದ ಚಿಮಟ, ಗಾಳಿ ಊದುವ ರಬ್ಬರ್ ಬ್ಲೋವರ್, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್, ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಚಿಮಟ, ಎಣ್ಣೆ, ಸಣ್ಣ ಡ್ರೈವರ್‌ಗಳಿಗೆ ಕೈಗಡಿಯಾರದ ಬಿಡಿಭಾಗ ಮಾರುವ ಅಂಗಡಿ ಒಳ್ಳೆಯದು.

ದ್ರವಗಳು ಮೂರು ಸಾಕು. ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಗಾಜಿಗೆ ಮತ್ತು ಹಳೆಯ ಫೋಮಿಗೆ, ಲೈಟರ್ ಫ್ಲೂಯಿಡ್ ಎಣ್ಣೆ-ಗ್ರೀಸಿಗೆ, ಅಸಿಟೋನ್ ಸ್ಕ್ರೂವಿಗೆ ಹಚ್ಚಿದ ಬಣ್ಣದ ಬೀಗ ಕರಗಿಸಲು. ಅಸಿಟೋನನ್ನು ಸೂಜಿಮೊನೆಯಲ್ಲಿ ಮಾತ್ರ ಮುಟ್ಟಿಸಿ. ಎಇ-1ರ ಮೇಲ್ಮುಚ್ಚಳ ಲೋಹದಂತೆ ಕಂಡರೂ ಪ್ಲಾಸ್ಟಿಕ್, ಒಂದು ಹನಿ ಬಿದ್ದರೆ ಮೇಲ್ಮೈ ಕರಗುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಗಾಜಿಗೆ ಬೇಡ, ಒಣಗಿದ ಮೇಲೆ ಕಲೆ ಬಿಡುತ್ತದೆ. ಡಬ್ಲ್ಯುಡಿ-40 ಕ್ಯಾಮೆರಾ ಮೇಜಿನ ಹತ್ತಿರವೂ ಬರಬಾರದು. ಅದು ಹರಿದು ಹರಿದು ಷಟರ್, ಅಪರ್ಚರ್, ಪ್ರಿಸಮ್ ಎಲ್ಲಕ್ಕೂ ತಲುಪುತ್ತದೆ. ಫೆವಿಕ್ವಿಕ್ ಕೂಡ ಬೇಡ. ಅದರ ಆವಿ ಹತ್ತಿರದ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಮುಂದೆ ಆ ಭಾಗವನ್ನು ಯಾರೂ ಬಿಚ್ಚಲಾರರು. ಎದ್ದ ಚರ್ಮದ ಹೊದಿಕೆ ಅಂಟಿಸಲು ಫೆವಿಬಾಂಡಿನಂಥ ರಬ್ಬರ್ ಗೋಂದು ತೆಳ್ಳಗೆ ಸವರಿದರೆ ಸಾಕು.

ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಇಡಿ. ಒಂದೇ ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲೂ ಒಂದು ಅರ್ಧ ಮಿಲಿಮೀಟರ್ ಉದ್ದ ಇರಬಹುದು, ಅದನ್ನು ತಪ್ಪು ಜಾಗಕ್ಕೆ ಹಾಕಿದರೆ ಒಳಗಿನ ಲಿವರನ್ನು ಒತ್ತಿ ಹಿಡಿಯುತ್ತದೆ. ತಿರುಗದ ಸ್ಕ್ರೂವಿಗೆ ಬಲ ಹಾಕುವ ಮುನ್ನ ಎಡ ಎಳೆ (ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು) ಇರಬಹುದೇ ಎಂದು ಯೋಚಿಸಿ. ಹಲವು ಜಪಾನಿ ಕ್ಯಾಮೆರಾಗಳಲ್ಲಿ ಎಡ ಎಳೆಯ ಸ್ಕ್ರೂವಿನ ತಲೆಯ ಮೇಲೆ ಒಂದರ ಬದಲು ಮೂರು ಗೀರು ಇರುತ್ತದೆ. ರಿವೈಂಡ್ ಕೈ ಬಿಚ್ಚಲು ಒಳಗಿನ ಕವಲಿಗೆ ಮರದ ಕಡ್ಡಿ ಅಡ್ಡ ಕೊಟ್ಟು, ಮೇಲಿನ ಕೈಯನ್ನು ಅಪ್ರದಕ್ಷಿಣವಾಗಿ ತಿರುಗಿಸಬೇಕು.

ಲೆನ್ಸ್ ಮೌಂಟ್ ಬಿಚ್ಚಿದರೆ ಅದರ ಕೆಳಗೆ ಕಾಗದದಷ್ಟು ತೆಳುವಾದ ಲೋಹದ ಶಿಮ್ ಇರಬಹುದು. ಎಷ್ಟಿತ್ತೋ ಅಷ್ಟೇ, ಎಲ್ಲಿತ್ತೋ ಅಲ್ಲೇ ಕೂರಬೇಕು. ನಿಕಾನ್ ಎಫ್ ಮೌಂಟಿನಿಂದ ಫಿಲ್ಮಿಗೆ ಇರುವ ದೂರ 46.50 ಮಿ.ಮೀ., ಪೆಂಟ್ಯಾಕ್ಸ್ ಕೆ ಮತ್ತು ಎಂ42 ಎರಡಕ್ಕೂ 45.46, ಕ್ಯಾನನ್ ಎಫ್‌ಡಿಗೆ 42.00. ಇದರಲ್ಲಿ ನೂರರಲ್ಲೊಂದು ಮಿಲಿಮೀಟರಿನ ಲೆಕ್ಕವೂ ಫೋಕಸ್‌ನಲ್ಲಿ ಕಾಣುತ್ತದೆ.

ಫೋಮ್ ಬದಲಿಸುವುದು

ಕಲಿಯುವವರಿಗೆ ಮೊದಲ ಕೆಲಸವಾಗಿ ಇದು ಸರಿ. ಆ ಕಾಲದ ಪಾಲಿಯುರೆಥೇನ್ ಫೋಮ್ ತೇವ ಕುಡಿದು ಟಾರಿನಂತೆ ಅಂಟಂಟಾಗುತ್ತದೆ ಇಲ್ಲವೇ ಪುಡಿಯಾಗಿ ಉದುರುತ್ತದೆ. ಚಿತ್ರದ ಅಂಚಿನಲ್ಲಿ ಕಿತ್ತಳೆ ಅಥವಾ ಬಿಳಿ ಬೆಳಕಿನ ಪಟ್ಟಿ ಬಂದರೆ ಮೊದಲ ಅನುಮಾನ ಇದರ ಮೇಲೇ.

ಷಟರಿನ ಮೇಲೆ ಒಂದು ಕಾಗದ ಕತ್ತರಿಸಿ ಕಾಗದದ ಟೇಪಿನಿಂದ ಬಾಡಿಯ ಲೋಹಕ್ಕೆ ಮೆಲ್ಲಗೆ ಅಂಟಿಸಿ. ಓರೆಯಾಗಿ ಕತ್ತರಿಸಿದ ಬಿದಿರು ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಹಳೆಯ ಫೋಮ್ ಕೆರೆಯಿರಿ. ಲೋಹದ ಮೊನೆ ಬಳಸಿದರೆ ಕಪ್ಪು ಬಣ್ಣವೂ ಏಳುತ್ತದೆ. ಹೊಸ ಫೋಮ್ ದಪ್ಪ ಸಾಮಾನ್ಯವಾಗಿ ಬಾಗಿಲಿನ ತೋಡಿಗೆ 1.5 ಮಿ.ಮೀ., ಕೀಲಿನ ಕಡೆಗೆ 2 ಮಿ.ಮೀ. ಆದರೂ ತೋಡಿನ ಆಳ ಅಳೆದೇ ಕತ್ತರಿಸಿ. ಬಾಗಿಲು ಮುಚ್ಚಲು ಒತ್ತಬೇಕಾಗಿ ಬಂದರೆ ದಪ್ಪ ಹೆಚ್ಚಾಗಿದೆ, ದಿನ ಕಳೆದಂತೆ ಬಾಗಿಲ ಕೊಂಡಿ ಸವೆಯುತ್ತದೆ. ಅಂಟಿನ ಬದಿಗೆ ನೀರು ಸವರಿ ಕೂರಿಸಿದರೆ ಸರಿಪಡಿಸಲು ಒಂದೆರಡು ನಿಮಿಷ ಸಿಗುತ್ತದೆ. ತೀರಾ ಕಿರಿದಾದ ತೋಡಿಗೆ ಕಪ್ಪು ಉಣ್ಣೆದಾರ ಚೆನ್ನಾಗಿ ಕೂರುತ್ತದೆ, ಅದು ಕರಗುವುದೂ ಇಲ್ಲ.

ಕನ್ನಡಿ ಮೇಲೆದ್ದಾಗ ತಾಗುವ ಫೋಮೇ ನಾಜೂಕಿನದು. ಅದರ ಪಕ್ಕದಲ್ಲೇ ಫೋಕಸಿಂಗ್ ಸ್ಕ್ರೀನ್ ಇದೆ. ಅದು ಪ್ಲಾಸ್ಟಿಕ್, ಅದಕ್ಕೆ ಬೆರಳು, ಬಟ್ಟೆ, ಆಲ್ಕೋಹಾಲ್ ಯಾವುದೂ ತಾಗಬಾರದು. ಲೆನ್ಸ್ ಬಾಯಿ ನೆಲದ ಕಡೆಗೆ ಇರುವಂತೆ ಕ್ಯಾಮೆರಾ ಹಿಡಿದು ಕೆರೆದರೆ ಪುಡಿ ಹೊರಗೆ ಉದುರುತ್ತದೆ. ಕನ್ನಡಿಯ ಬೆಳ್ಳಿ ಲೇಪ ಗಾಜಿನ ಹಿಂದಲ್ಲ, ಮುಂದೆಯೇ ಇರುತ್ತದೆ. ಅದಕ್ಕೆ ಬ್ಲೋವರಿನ ಗಾಳಿ ಮಾತ್ರ. ವ್ಯೂಫೈಂಡರಿನಲ್ಲಿ ಕಾಣುವ ಧೂಳು ಚಿತ್ರದಲ್ಲಿ ಬರುವುದಿಲ್ಲ, ಅದನ್ನು ಒರೆಸಲು ಹೋಗಿ ಲೇಪ ಕಳೆದುಕೊಳ್ಳುವುದು ನಷ್ಟ.

ಷಟರ್ ನಿಧಾನವಾದರೆ

ವೇಗದ ಕಡೆ ಸರಿ ಇದ್ದು 1 ಸೆಕೆಂಡ್, 1/2, 1/4 ಮಾತ್ರ ಎಳೆದರೆ ಅಥವಾ ನಡುವೆ ನಿಂತರೆ ದೋಷ ನಿಧಾನಗತಿಯ ಗವರ್ನರಿನಲ್ಲಿ. ಅದು ಗಡಿಯಾರದಂತೆ ಹಲ್ಲುಚಕ್ರಗಳ ಸಣ್ಣ ಗುಂಪು, ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದನ್ನು ಹೊರತೆಗೆದು ಲೈಟರ್ ಫ್ಲೂಯಿಡಿನಲ್ಲಿ ತೊಳೆದು ಒಣಗಿಸಿ, ಅಚ್ಚುಗಳ ತುದಿಗೆ ಮಾತ್ರ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಲ್ಲಿ ಮುಟ್ಟಿಸಿ. ಹಲ್ಲುಗಳಿಗೆ ಎಣ್ಣೆ ಬೇಡ.

1/1000ರಲ್ಲಿ ಒಂದು ಬದಿ ಕಪ್ಪಾಗುವ ದೋಷಕ್ಕೆ ಸ್ಪ್ರಿಂಗ್ ಬಿಗಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಕೊನೆಯ ಉಪಾಯ. ಪರದೆ ನಿಧಾನವಾದದ್ದು ಹೆಚ್ಚಾಗಿ ರೋಲರಿನ ಅಚ್ಚುಗಳಲ್ಲಿ ಕೊಳೆ ಕೂತಿದ್ದಕ್ಕೆ. ಕೊಳೆ ಇರುವಾಗಲೇ ಬಿಗಿ ಮಾಡಿದರೆ ಇವತ್ತು ಸರಿ ಕಂಡರೂ ಚಳಿಗಾಲದ ಬೆಳಿಗ್ಗೆ ಮತ್ತೆ ಅದೇ ಕಥೆ. ತೊಳೆದು, ಎಣ್ಣೆ ಮುಟ್ಟಿಸಿ, ಐವತ್ತು ಸಲ ಕ್ಲಿಕ್ ಮಾಡಿ, ಆಮೇಲೆ ಅಳೆಯಿರಿ. ಆಗಲೂ ತಪ್ಪಿದರೆ ಎಂಟನೇ ಒಂದು ಸುತ್ತಿನಷ್ಟು ಬಿಗಿ ಮಾಡಿ ಮತ್ತೆ ಅಳೆಯಿರಿ. ಹಳೆಯ ಯಾಂತ್ರಿಕ ಷಟರಿನಲ್ಲಿ 1/1000 ಎಂದು ಬರೆದದ್ದು 1/800 ಬಂದರೆ ಅದನ್ನು ಮುಟ್ಟಬೇಡಿ, ನೆಗೆಟಿವ್ ಫಿಲ್ಮ್ ಅಷ್ಟು ವ್ಯತ್ಯಾಸವನ್ನು ತಡೆದುಕೊಳ್ಳುತ್ತದೆ.

ಎಫ್‌ಎಂ2ರಲ್ಲಿ ಲೋಹದ ಅಲಗುಗಳು ಮೇಲಿಂದ ಕೆಳಕ್ಕೆ ಓಡುತ್ತವೆ. ಅವು ಒಣಗಿಯೇ ಓಡಬೇಕು. ಅಲಗಿನ ಮೇಲೆ ಎಣ್ಣೆ ಕಂಡರೆ ಒರೆಸಿ ಬಿಡುವುದಲ್ಲ, ಎಲ್ಲಿಂದ ಬಂತೆಂದು ಹುಡುಕಬೇಕು. ಕೈಯಿಂದ ಒಂದು ಅಲಗು ಬಾಗಿದರೂ ಇಡೀ ಷಟರ್ ಬದಲಿಸುವುದೊಂದೇ ದಾರಿ.

ಎಇ-1 ಕ್ಲಿಕ್ ಮಾಡಿದಾಗ ‘ಕೀಂಯ್’ ಎಂದು ಕಿರುಚಿದರೆ ಷಟರ್ ಹೋಯಿತೆಂದು ಹೆದರುವವರು ಬಹಳ. ಕಿರುಚುವುದು ಷಟರಲ್ಲ, ಕನ್ನಡಿಯ ವೇಗ ತಡೆಯುವ ಗೇರಿನ ಒಣಗಿದ ಅಚ್ಚು. ಸರ್ವಿಸ್ ಮ್ಯಾನುಯಲ್ ನೋಡಿ ಆ ಗೇರನ್ನು ಕಣ್ಣಿಂದ ಗುರುತಿಸಿಕೊಂಡ ಮೇಲೆಯೇ ಉದ್ದ ಸೂಜಿಯಲ್ಲಿ ಒಂದೇ ಹನಿ. ಅಂದಾಜಿನಲ್ಲಿ ಸಿರಿಂಜಿನಿಂದ ಹನಿಸಿದರೆ ಎಣ್ಣೆ ಬಟ್ಟೆ ಪರದೆಗೂ ಕಾಂತಗಳಿಗೂ ಹೋಗಿ, ಬರೀ ಶಬ್ದವಿದ್ದ ಕ್ಯಾಮೆರಾ ನಿಜವಾಗಿ ಕೆಡುತ್ತದೆ.

ಬಟ್ಟೆ ಪರದೆಯಲ್ಲಿ ಕಂಡ ಸೂಜಿತೂತಿಗೆ ಕಪ್ಪು ಫ್ಯಾಬ್ರಿಕ್ ಬಣ್ಣವನ್ನು ತೀರಾ ತೆಳ್ಳಗೆ ಚುಕ್ಕಿ ಇಟ್ಟು, ಒಂದು ರಾತ್ರಿ ಒಣಗಲು ಬಿಡಿ. ದಪ್ಪವಾದರೆ ಪರದೆ ಸುತ್ತುವಾಗ ಬಿಗಿಯುತ್ತದೆ.

ಲೆನ್ಸಿನ ಫಂಗಸ್

ಮಂಗಳೂರು, ಉಡುಪಿ, ಕಾರವಾರ, ಆಗುಂಬೆ, ಮಡಿಕೇರಿ ಕಡೆಯ ಲೆನ್ಸ್‌ಗಳಿಗೆ ಇದೇ ದೊಡ್ಡ ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಇಳಿಯುವುದೇ ಇಲ್ಲ, ಚರ್ಮದ ಕೇಸಿನೊಳಗೆ ಬೀರುವಿನಲ್ಲಿಟ್ಟ ಲೆನ್ಸಿನಲ್ಲಿ ಬೂಷ್ಟು ಎಳೆ ಎಳೆಯಾಗಿ ಹರಡುತ್ತದೆ. ಲೆನ್ಸನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿಟ್ಟು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಬೇರಿನಂತೆ ಕವಲೊಡೆದಿದ್ದರೆ ಫಂಗಸ್. ಇಡೀ ಗಾಜು ಸಮನಾಗಿ ಮಂಜಾಗಿದ್ದರೆ ಅದು ಗ್ರೀಸಿನ ಆವಿ ಕೂತ ಪೊರೆ. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ಕಲೆ ಅಥವಾ ಗುಳ್ಳೆ ಇದ್ದರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ. ಈ ಮೂರನೆಯದು ಮೇಜಿನ ಮೇಲೆ ಒರೆಸಿ ಹೋಗುವಂಥದ್ದಲ್ಲ. ಅಂಟಿಸಿದ ಜೋಡಿಯ ನಡುವೆಯೇ ಫಂಗಸ್ ಇದ್ದರೂ ಅಷ್ಟೇ. ಕೆಲಸ ಒಪ್ಪಿಕೊಳ್ಳುವ ಮೊದಲೇ ಹೇಳಿಬಿಡಿ.

ಮುಂದಿನ ಹೆಸರಿನ ಉಂಗುರವನ್ನು ರಬ್ಬರ್ ಬಿರಡೆ ಒತ್ತಿ ತಿರುಗಿಸಿ ತೆಗೆಯಿರಿ. ಅದರ ಕೆಳಗಿನ ಬಳೆಯನ್ನು ಸ್ಪ್ಯಾನರಿನಿಂದ ಬಿಚ್ಚಿದರೆ ಮುಂದಿನ ಗಾಜಿನ ಗುಂಪು ಸಿಗುತ್ತದೆ, ಹಿಂದಿನ ಗುಂಪು ಹಿಂದಿನಿಂದ ಬರುತ್ತದೆ. ಸ್ಪ್ಯಾನರ್ ಜಾರಿದರೆ ಗೀರು ಬೀಳುವುದು ಗಾಜಿನ ಮೇಲೇ, ಆದ್ದರಿಂದ ನಡುವೆ ತೂತು ಕತ್ತರಿಸಿದ ರಟ್ಟಲ್ಲ, ಇಡೀ ಗಾಜು ಮುಚ್ಚುವ ರಟ್ಟಿನ ಬಿಲ್ಲೆ ಇಟ್ಟುಕೊಳ್ಳಿ. 50 ಮಿ.ಮೀ. ಲೆನ್ಸಿನಲ್ಲಿ ಫಂಗಸ್ಸೂ ಪೊರೆಯೂ ಹೆಚ್ಚಾಗಿ ಕೂರುವುದು ಅಪರ್ಚರಿನ ಎರಡೂ ಪಕ್ಕದ ಮೈಗಳಲ್ಲಿ. ಅಷ್ಟಕ್ಕೆ ಫೋಕಸ್ ಎಳೆಗಳನ್ನು (ಫೋಕಸ್ ಉಂಗುರ ತಿರುಗಿಸಿದಾಗ ಗಾಜುಗಳನ್ನು ಹಿಂದೆ ಮುಂದೆ ಸರಿಸುವ ತಿರುಪಿನ ಎಳೆಗಳನ್ನು) ಬಿಡಿಸಬೇಕಾಗಿಲ್ಲ. ಪ್ರತಿ ಗಾಜಿನ ಯಾವ ಮೈ ಉಬ್ಬು, ಯಾವುದು ಮೇಲೆ ಎಂದು ಚಿತ್ರ ಬರೆದಿಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಉಬ್ಬಿದ ಗಾಜು ತಿರುಗಿ ಕೂತರೆ ಚಿತ್ರ ಮೃದುವಾಗುತ್ತದೆ, ಕಾರಣ ಹುಡುಕಲು ದಿನ ಹೋಗುತ್ತದೆ.

ಮೆಡಿಕಲ್ ಶಾಪಿನ ಶೇಕಡ 6ರ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ ಶೇಕಡ 3 ಮಾಡಿಕೊಳ್ಳಿ. ಹತ್ತಿಯಲ್ಲಿ ಅದ್ದಿ ಬಿಡಿ ಗಾಜಿನ ಮೇಲೆ ಎರಡು ಮೂರು ನಿಮಿಷ ಇಟ್ಟು, ನಡುವಿನಿಂದ ಅಂಚಿಗೆ ಸುರುಳಿಯಾಗಿ ಒರೆಸಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೋಹಾಲ್, ಪ್ರತಿ ಸಲವೂ ಹೊಸ ಹತ್ತಿ. ಗಾಜಿನ ಅಂಚಿನ ಕಪ್ಪು ಬಣ್ಣಕ್ಕೆ ದ್ರವ ತಾಗಿಸಬೇಡಿ, ಎದ್ದು ಬಂದರೆ ಒಳಗೆ ಬೆಳಕು ಚೆಲ್ಲುತ್ತದೆ. ಫಂಗಸ್ ಹೋದ ಮೇಲೂ ಅದೇ ಆಕಾರದ ಗುರುತು ಉಳಿದರೆ, ಅದು ಬಿಟ್ಟ ಆಮ್ಲ ಲೇಪವನ್ನು ತಿಂದಿದೆ. ಅದನ್ನು ಪಾಲಿಶ್ ಮಾಡಲು ಹೋಗಬೇಡಿ. ಸಣ್ಣ ಗುರುತಿನಿಂದ ಚಿತ್ರಕ್ಕೆ ಆಗುವ ತೊಂದರೆ ಎದುರುಬೆಳಕಿನಲ್ಲಿ ಬಿಟ್ಟರೆ ಅತ್ಯಲ್ಪ.

ಅಪರ್ಚರ್ ಅಲಗುಗಳ ಮೇಲೆ ಎಣ್ಣೆ ಹರಡಿದ್ದರೆ ಅವು ನಿಧಾನವಾಗಿ ಮುಚ್ಚುತ್ತವೆ, ಎಲ್ಲ ಚಿತ್ರಕ್ಕೂ ಬೆಳಕು ಹೆಚ್ಚಾಗುತ್ತದೆ. ಗಾಜಿನ ಗುಂಪುಗಳನ್ನು ತೆಗೆದಿಟ್ಟು, ಅಲಗುಗಳನ್ನು ಲೈಟರ್ ಫ್ಲೂಯಿಡ್ ಹಚ್ಚಿದ ಇಯರ್‌ಬಡ್ಡಿನಿಂದ ಒರೆಸುತ್ತಾ ತೆರೆದು ಮುಚ್ಚಿ. ಒಣಗಿದ ಮೇಲೆ ಎಣ್ಣೆಯ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ಸಲ ಮಾಡಬೇಕಾಗುವುದು ಸಾಮಾನ್ಯ. ಎಣ್ಣೆ ಬಂದದ್ದು ಫೋಕಸ್ ಎಳೆಯ ಹಳೆಯ ಗ್ರೀಸಿನಿಂದ. ಅದನ್ನು ಬದಲಿಸದಿದ್ದರೆ ಮತ್ತೆ ಬರುತ್ತದೆ.

ಆ ಎಳೆ ಬಿಡಿಸುವುದು ಅನುಭವ ಬಂದ ಮೇಲಿನ ಕೆಲಸ. ಒಂದೇ ಕೊಳವೆಯಲ್ಲಿ ಹಲವು ಎಳೆಗಳು ಒಟ್ಟಿಗೆ ಶುರುವಾಗುತ್ತವೆ, ಹಾಗಾಗಿ ಹೊಂದುವ ಜಾಗಗಳೂ ಹಲವು, ಸರಿಯಾದದ್ದು ಒಂದೇ. ಅನಂತಕ್ಕಿಟ್ಟಾಗ ಒಂದು ಗುರುತು, ಎರಡು ಕೊಳವೆ ಬೇರೆಯಾಗುವ ಕ್ಷಣಕ್ಕೆ ಇನ್ನೊಂದು ಗುರುತು ಕೊರೆಯಿರಿ. ತಪ್ಪು ಎಳೆಗೆ ಕೂತರೆ ಬೆಟ್ಟದ ತುದಿ ಎಂದೂ ಫೋಕಸ್ ಆಗುವುದಿಲ್ಲ. ಸರಿಯಾಯಿತೇ ಎಂದು ನೋಡಲು ಫಿಲ್ಮ್ ಹಳಿಯ ಮೇಲೆ ಮಂಜಾದ ಅರೆಪಾರದರ್ಶಕ ಟೇಪ್ ಬಿಗಿಯಾಗಿ ಅಂಟಿಸಿ, ಷಟರನ್ನು ‘ಬಿ’ಯಲ್ಲಿ (ಗುಂಡಿ ಒತ್ತಿದಷ್ಟು ಹೊತ್ತೂ ತೆರೆದಿರುವ ವೇಗದಲ್ಲಿ) ತೆರೆದಿಟ್ಟು, ದೂರದ ಟವರನ್ನು ಭೂತಗನ್ನಡಿಯಲ್ಲಿ ನೋಡಿ. ಅಡಾಪ್ಟರ್ ಹಾಕಿ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾದಲ್ಲಿ ನೋಡಿದರೆ ಸಾಲದು, ಬಹಳಷ್ಟು ಅಡಾಪ್ಟರ್‌ಗಳನ್ನು ಬೇಕೆಂದೇ ಸ್ವಲ್ಪ ಗಿಡ್ಡವಾಗಿ ಮಾಡಿರುತ್ತಾರೆ.

ಫ್ಲ್ಯಾಶ್: ಇಲ್ಲಿ ಅವಸರ ಬೇಡ

ಫ್ಲ್ಯಾಶ್ ಇರುವ ಸಣ್ಣ ಕ್ಯಾಮೆರಾಗಳ ಕೆಪ್ಯಾಸಿಟರಿನಲ್ಲಿ 300ರಿಂದ 330 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದು ದಿನಗಳಾದರೂ ಉಳಿದಿರಬಹುದು. ಸಣ್ಣ ಕ್ಯಾಮೆರಾದ 120 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಕೈ ಸುಡುವಷ್ಟು ಹೊಡೆಯುತ್ತದೆ. ಹಾಟ್‌ಶೂ ಮೇಲಿನ ದೊಡ್ಡ ಫ್ಲ್ಯಾಶಿನಲ್ಲಿ ಸಾವಿರಕ್ಕೂ ಹೆಚ್ಚು ಮೈಕ್ರೊಫ್ಯಾರಡ್ ಇರುತ್ತದೆ, ಅದು ಪ್ರಾಣಕ್ಕೇ ಅಪಾಯ. ಸ್ಟುಡಿಯೋ ಲೈಟುಗಳನ್ನು ಗುರುವಿಲ್ಲದೆ ತೆರೆಯಲೇಬೇಡಿ.

2 ಕಿಲೋ ಓಮ್, 10 ವಾಟಿನ ರೆಸಿಸ್ಟರಿನ ಎರಡೂ ಕಾಲಿಗೆ ದಪ್ಪ ಹೊದಿಕೆಯ ತಂತಿ ಬೆಸೆದು, ತುದಿಗೆ ಟೆಸ್ಟರ್ ಮೊನೆ ಹಾಕಿಟ್ಟುಕೊಳ್ಳಿ. ಕೆಪ್ಯಾಸಿಟರಿನ ಎರಡು ಕಾಲಿಗೆ ಹಿಡಿದು ಸಣ್ಣದಕ್ಕೆ 5 ಸೆಕೆಂಡ್, ದೊಡ್ಡದಕ್ಕೆ 20 ಸೆಕೆಂಡ್ ಎಣಿಸಿ. ಆಮೇಲೆ ಮಲ್ಟಿಮೀಟರಿನಲ್ಲಿ ಅಳೆದು 10 ವೋಲ್ಟಿಗಿಂತ ಕೆಳಗೆ ಇಳಿದಿದೆಯೇ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ರೂಢಿ ಬಿಡಿ, ಕಿಡಿಗೆ ಮೊನೆಯೂ ಬೋರ್ಡಿನ ತಾಮ್ರವೂ ಹೋಗುತ್ತದೆ.

ಬ್ಯಾಟರಿ ಸೋರಿದ ಗೂಡಿಗೆ ವಿನೆಗರ್. ಅಲ್ಕಲೈನ್ ಸೋರಿಕೆ ಕ್ಷಾರ, ಆದ್ದರಿಂದ ಇಯರ್‌ಬಡ್ಡಿನಲ್ಲಿ ವಿನೆಗರ್ ಮುಟ್ಟಿಸಿದರೆ ನೊರೆ ಬಂದು ಕರಗುತ್ತದೆ. ನಂತರ ನೀರಿನ ಬಡ್, ಆಲ್ಕೋಹಾಲ್ ಬಡ್. ಆಮೇಲೂ ಕರೆಂಟ್ ಬರದಿದ್ದರೆ ಗೂಡಿನಿಂದ ಹೊರಟ ತಂತಿಯ ಹೊದಿಕೆ ಸ್ವಲ್ಪ ಸುಲಿದು ನೋಡಿ. ಒಳಗಿನ ತಾಮ್ರ ಕಪ್ಪಾಗಿ ಅಥವಾ ಹಸಿರಾಗಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಆ ತಂತಿಯನ್ನೇ ಪೂರ್ತಿ ಬದಲಿಸಿ.

ವಾಪಸ್ ಕೊಡುವಾಗ

ಕೆಲಸ ಮುಗಿದ ದಿನವೇ ಕೊಡಬೇಡಿ. ಎರಡು ದಿನ ಬಿಟ್ಟು ಎಲ್ಲ ವೇಗಗಳನ್ನೂ ಮತ್ತೆ ಅಳೆಯಿರಿ, ಹೆಚ್ಚಾದ ಎಣ್ಣೆ ಅಷ್ಟರಲ್ಲಿ ಹರಿದು ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಅಳತೆಗಳನ್ನು ಚೀಟಿಯಲ್ಲಿ ಬರೆದು ಬಿಲ್ಲಿನ ಜೊತೆ ಕೊಡಿ: 1/500 ಎಂದಿರುವುದು 1/430 ಬರುತ್ತಿದ್ದರೆ ಹಾಗೇ ಬರೆಯಿರಿ. ಬದಲಿಸಿದ ಭಾಗಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡಿ.

ಚರ್ಮದ ಕೇಸಿನಲ್ಲಿ ಇಡಬೇಡಿ ಎಂದು ಹೇಳಿ ಕಳಿಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ, ಅದರ ಹಿಟ್ಟಿನ ಧೂಳು ಉಂಗುರಗಳ ಸಂದಿಗೆ ಸೇರುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇದ್ದರೆ ಸಾಕು. ತೇವ ಶೇಕಡ 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಫಂಗಸ್ಸಿಗೆ ಅನುಕೂಲ, 30ಕ್ಕಿಂತ ಇಳಿದರೆ ಚರ್ಮದ ಹೊದಿಕೆಗೂ ಗ್ರೀಸಿಗೂ ಒಳ್ಳೆಯದಲ್ಲ. ನೀಲಿ ಜೆಲ್ ಗುಲಾಬಿಯಾದಾಗ ಸುಮಾರು 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣಕ್ಕೆ ಕೋಬಾಲ್ಟ್ ಸೇರಿರುವುದರಿಂದ ಅಡುಗೆಯ ಪಾತ್ರೆಯಲ್ಲಿ ಒಣಗಿಸಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರತೆಗೆದು, ಎಲ್ಲ ವೇಗದಲ್ಲೂ ನಾಲ್ಕು ಸಲ ಕ್ಲಿಕ್ ಮಾಡಿ, ಫೋಕಸ್ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಒಳಗಿಡಲು ತಿಳಿಸಿ.